ಬಾವಿಯಿಂದ ಬಚ್ಚಲಿಗೆ: ಬಿಸಿನೀರ ತೊಟ್ಟಿಯ ಕಥೆ

ನಿಮ್ಮ ಊರಿನಲ್ಲಿ ಜೆಟ್ ಪಂಪ್ ಅಳವಡಿಸಿದ ಹಳೆಯ ಬಾವಿಯೊಂದು ಉಳಿದಿದ್ದರೆ ಒಮ್ಮೆ ಹೋಗಿ ಅದರೊಳಗೆ ಇಣುಕಿ ನೋಡಿ. ಪಂಪು ಮೇಲೆ, ಬಾವಿಕಟ್ಟೆಯ ಪಕ್ಕದಲ್ಲೇ ಕುಳಿತಿರುತ್ತದೆ. ಅದರಿಂದ ಬಾವಿಯೊಳಕ್ಕೆ ಎರಡು ಕೊಳವೆಗಳು ಇಳಿದಿರುತ್ತವೆ. ಒಂದು ದಪ್ಪ, ಇನ್ನೊಂದು ಅದಕ್ಕಿಂತ ಸಣ್ಣದು. ನೀರು ಮೇಲೆ ಬರಲು ಒಂದು ಕೊಳವೆ ಸಾಕಲ್ಲವೆ? ಎರಡನೆಯದು ಏಕೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ 'ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಸಾರ್' ಎಂಬ ಉತ್ತರ ಬರುವುದುಂಟು. ಉತ್ತರ ತಪ್ಪಾದರೂ ಜಾಣತನದ್ದು.

ಈ ಎರಡನೆಯ ಕೊಳವೆಗೂ, ದೊಡ್ಡ ಊರುಗಳ ಮನೆ ಮಾರಾಟದ ಜಾಹೀರಾತಿನಲ್ಲಿ ಕಾಣುವ 'ಜಕೂಝಿ' ಎಂಬ ಪದಕ್ಕೂ ರಕ್ತಸಂಬಂಧವೇ ಇದೆ. ಆ ಸಂಬಂಧ ಹುಡುಕುವ ಪ್ರಸಂಗ ನನಗೆ ಒದಗಿದ್ದು ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ್ದಾನೆ. ತಾಯಿಗೆ ಮಂಡಿನೋವು. ಬಿಸಿನೀರಿನಲ್ಲಿ ಕುಳಿತರೆ ಆರಾಮ ಎಂದು ಯಾರೋ ಹೇಳಿದ್ದಾರೆ. ತಾರಸಿಯ ಮೇಲೆ ನಾಲ್ಕು ಜನ ಕೂರುವ ಬಿಸಿನೀರಿನ ತೊಟ್ಟಿ ಇಡಿಸೋಣ ಎಂದು ಅಂಗಡಿಗೆ ಹೋಗಿದ್ದಾನೆ. ಅಲ್ಲಿ ಒಂದಕ್ಕೆ 30 ಜೆಟ್, ಇನ್ನೊಂದಕ್ಕೆ 50 ಜೆಟ್. ಒಂದಕ್ಕೆ ನೀಲಿ ದೀಪ, ಇನ್ನೊಂದಕ್ಕೆ ಏಳು ಬಣ್ಣದ ದೀಪ. ರಾತ್ರಿ ಫೋನ್ ಮಾಡಿ, 'ಸಾರ್, ಎಷ್ಟು ಜೆಟ್ ಇರುವುದು ತಗೊಳ್ಳಲಿ?' ಎಂದ. ಕೂಡಲೇ ಉತ್ತರ ತೋಚಲಿಲ್ಲ. ಈ ತೊಟ್ಟಿಯ ಚರಿತ್ರೆಯನ್ನು ಓದುತ್ತ ಹೋದಂತೆ, ಕೇಳಬೇಕಾದ ಪ್ರಶ್ನೆಗಳೇ ಬೇರೆ ಎಂದು ತಿಳಿಯಿತು. ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಪಟ್ಟ ಪಾಡಿದೆ.

ಹತ್ತು ಮೀಟರಿನ ಗೋಡೆ

ಕಥೆ ಇಟಲಿಯಿಂದ ಶುರುವಾಗುತ್ತದೆ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಕೃತಿಯಲ್ಲಿ ಗೆಲಿಲಿಯೊ ಒಂದು ಸಂಗತಿ ಹೇಳುತ್ತಾನೆ. ಹೀರುವ ಪಂಪಿನಿಂದ ನೀರನ್ನು ಸುಮಾರು 18 ಮೊಳಕ್ಕಿಂತ ಮೇಲಕ್ಕೆ ಎತ್ತಲು ಆಗುವುದಿಲ್ಲ, ಪಂಪು ಎಷ್ಟೇ ಚೆನ್ನಾಗಿರಲಿ. (ಅವರ ಮೊಳ ನಮ್ಮದಕ್ಕಿಂತ ತುಸು ಉದ್ದ.) ಗೆಲಿಲಿಯೊಗೆ ಸರಿಯಾದ ಕಾರಣ ಹೊಳೆಯಲಿಲ್ಲ. ಅವನ ಶಿಷ್ಯ ಟಾರಿಚೆಲ್ಲಿಗೆ 1643ರಲ್ಲಿ ಹೊಳೆಯಿತು. ಪಂಪು ನೀರನ್ನು ಎಳೆಯುವುದೇ ಇಲ್ಲ. ಕೊಳವೆಯೊಳಗಿನ ಗಾಳಿಯನ್ನು ಅದು ತೆಗೆಯುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತ ವಾಯುಮಂಡಲವೇ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಅದರ ಶಕ್ತಿ ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದು ಇನ್ನೂ ಒಂದು ಮೀಟರಿನಷ್ಟು ಕಡಿಮೆ. ಘರ್ಷಣೆ, ಸೋರಿಕೆ ಎಲ್ಲ ಕಳೆದರೆ 7-8 ಮೀಟರಿಗೆ ಆಟ ಮುಗಿಯುತ್ತದೆ.

ಈ ಗೋಡೆಯನ್ನು ದಾಟುವ ಉಪಾಯದ ಬೀಜವೂ ಇಟಲಿಯವನದೇ. ಜೊವಾನ್ನಿ ಬತಿಸ್ತ ವೆಂಚುರಿ 1797ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಕ್ಕಟ್ಟಾದ ಜಾಗದಲ್ಲಿ ಹರಿಯುವ ನೀರನ್ನು ಕುರಿತವು. ಕೊಳವೆ ಕಿರಿದಾದಲ್ಲಿ ನೀರಿನ ವೇಗ ಹೆಚ್ಚುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದಲ್ಲಿ ಒಂದು ತೂತು ಇದ್ದರೆ ಹೊರಗಿನದು ಏನಿದೆಯೋ ಅದು ಒಳಕ್ಕೆ ಸೆಳೆಯಲ್ಪಡುತ್ತದೆ. ಹೊರಗೆ ನೀರಿದ್ದರೆ ನೀರು, ಗಾಳಿಯಿದ್ದರೆ ಗಾಳಿ. ದಯವಿಟ್ಟು ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಮಾನ ಬಿದ್ದ ಮೇಲೆ

ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಪ್ರದೇಶದಲ್ಲಿ 'ಯಾಕುತ್ಸಿ' ಎಂಬ ರೈತ ಕುಟುಂಬವಿತ್ತು. ಏಳು ಗಂಡು, ಆರು ಹೆಣ್ಣು, ಒಟ್ಟು ಹದಿಮೂರು ಮಕ್ಕಳು. 1907ರಿಂದ ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋಗತೊಡಗಿದರು. ಅಲ್ಲಿನವರ ಬಾಯಲ್ಲಿ ಅವರ ಹೆಸರು 'ಜಕೂಝಿ' ಆಯಿತು. 1915ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಅಣ್ಣತಮ್ಮಂದಿರು ಸೇರಿ ಒಂದು ಕಾರ್ಖಾನೆ ತೆರೆದರು. ಅವರಲ್ಲಿ ರಾಕೆಲೆ ಎಂಬವನು ಯಂತ್ರಗಳ ಹುಚ್ಚಿನವನು. ಮರದ ವಿಮಾನ ಪ್ರೊಪೆಲ್ಲರುಗಳನ್ನು ಚೆನ್ನಾಗಿ ಮಾಡುತ್ತಿದ್ದ. ಆಮೇಲೆ ಮುಚ್ಚಿದ ಕೋಣೆಯಿರುವ ಒಂದು ವಿಮಾನವನ್ನೇ ಕಟ್ಟಿದರು. 1921ರ ಜುಲೈನಲ್ಲಿ ಅದು ಯೊಸೆಮಿಟಿಯಿಂದ ಮರಳುವಾಗ ಮೊಡೆಸ್ಟೊ ಹತ್ತಿರ ಬಿತ್ತು. ಒಳಗಿದ್ದ ನಾಲ್ವರೂ ಸತ್ತರು. ಅವರಲ್ಲಿ ಒಬ್ಬ ಸಹೋದರ ಜೊಕೊಂದೊ. ಕುಟುಂಬ ವಿಮಾನದ ಕೆಲಸವನ್ನು ಕೈಬಿಟ್ಟಿತು.

ದ್ರವದಲ್ಲಿ ತಿರುಗುವ ರೆಕ್ಕೆಗಳ ಲೆಕ್ಕ ಬಲ್ಲವನಿಗೆ ಗಾಳಿಯಾದರೇನು, ನೀರಾದರೇನು? ಕ್ಯಾಲಿಫೋರ್ನಿಯದ ತೋಟಗಳಿಗೆ ಬಾವಿಯ ನೀರು ಬೇಕಿತ್ತು, ನೀರು ಆಳದಲ್ಲಿತ್ತು. ರಾಕೆಲೆ 1926ರ ಹೊತ್ತಿಗೆ ಆಳದ ಬಾವಿಗೆ ಒಪ್ಪುವ ಜೆಟ್ ಪಂಪನ್ನು ರೂಪಿಸಿದ. ತತ್ತ್ವ ಅವನದಲ್ಲ ಎನ್ನುವುದನ್ನು ಹೇಳಿಬಿಡಬೇಕು. ಲಾರ್ಡ್ ಕೆಲ್ವಿನ್‌ನ ಅಣ್ಣ ಜೇಮ್ಸ್ ಥಾಮ್ಸನ್ 1852ರಲ್ಲೇ ನೀರಿನ ಜೆಟ್ಟಿನಿಂದ ನೀರೆತ್ತುವುದನ್ನು ತೋರಿಸಿದ್ದ. ರಾಕೆಲೆ ಮಾಡಿದ್ದು ಅದನ್ನು ರೈತ ಕೊಳ್ಳಬಹುದಾದ ಯಂತ್ರವಾಗಿಸುವ ಕೆಲಸ. ಇಂಥ ಕೆಲಸಕ್ಕೆ ಪಠ್ಯಪುಸ್ತಕಗಳಲ್ಲಿ ಜಾಗ ಸಿಗುವುದು ಕಡಿಮೆ.

ಈಗ ನಮ್ಮ ಎರಡನೆಯ ಕೊಳವೆಗೆ ಬನ್ನಿ. ಪಂಪು ಮೇಲೆ ತಂದ ನೀರಿನಲ್ಲಿ ಒಂದು ಪಾಲನ್ನು ಒತ್ತಡದಿಂದ ಸಣ್ಣ ಕೊಳವೆಯ ಮೂಲಕ ಮತ್ತೆ ಬಾವಿಯ ತಳಕ್ಕೇ ಕಳಿಸುತ್ತದೆ. ಅಲ್ಲಿ ಅದು ಕಿರಿದಾದ ಮೂತಿಯಿಂದ ಚಿಮ್ಮುತ್ತದೆ. ವೇಗ ಹೆಚ್ಚಿತು, ಒತ್ತಡ ಇಳಿಯಿತು, ಸುತ್ತಲಿನ ಬಾವಿನೀರು ಒಳಸೇರಿತು. ಎರಡೂ ಸೇರಿ ಹಿಗ್ಗುತ್ತ ಹೋಗುವ ಕೊಳವೆಯಲ್ಲಿ ನಿಧಾನವಾಗುತ್ತವೆ. ವೇಗವು ಒತ್ತಡವಾಗಿ ಮಾರ್ಪಟ್ಟು ನೀರನ್ನು ದಪ್ಪ ಕೊಳವೆಯಲ್ಲಿ ಮೇಲಕ್ಕೆ ನೂಕುತ್ತದೆ. ಪಂಪಿಗೆ ಎಟಕುವಷ್ಟು ಹತ್ತಿರ ಬಂದ ಮೇಲೆ ಉಳಿದ ಕೆಲಸ ಅದರದು. ನೀರಿನಿಂದಲೇ ನೀರನ್ನು ಎತ್ತುವ ಈ ಉಪಾಯದಲ್ಲಿ ಶಕ್ತಿ ಬಹಳಷ್ಟು ಪೋಲಾಗುತ್ತದೆ. ಆದರೂ ಓಡಾಡುವ ಭಾಗವೊಂದೂ ನೀರಿನೊಳಗೆ ಇಲ್ಲದ್ದರಿಂದ ರಿಪೇರಿಗೆ ಬಾವಿಗಿಳಿಯುವ ತಾಪತ್ರಯವಿಲ್ಲ. ಸಬ್‌ಮರ್ಸಿಬಲ್ ಪಂಪುಗಳು ಹರಡುವ ಮೊದಲು ನಮ್ಮಲ್ಲೂ ಜೆಟ್ ಪಂಪುಗಳಿಗೆ ಇದ್ದ ಮರ್ಯಾದೆಗೆ ಇದೇ ಕಾರಣ.

ಒಂದು ಮಗುವಿನ ಕೀಲುಗಳು

ರಾಕೆಲೆ 1937ರಲ್ಲಿ ತೀರಿಕೊಂಡ. ಕಾಲಕ್ರಮದಲ್ಲಿ ಕಂಪನಿಯ ಹೊಣೆ ಅಣ್ಣತಮ್ಮಂದಿರಲ್ಲಿ ಕಿರಿಯವನಾದ ಕಾಂದಿದೊಗೆ ಬಂತು. ಕಾಂದಿದೊಗೆ 1941ರಲ್ಲಿ ಕೆನೆತ್ ಎಂಬ ಮಗ ಹುಟ್ಟಿದ. ಮಗುವಿಗೆ ಎರಡು ವರ್ಷ ತುಂಬುವ ಆಸುಪಾಸಿನಲ್ಲೇ ರುಮಟಾಯ್ಡ್ ಸಂಧಿವಾತ ಹಿಡಿಯಿತು. ಇದು ವಯಸ್ಸಾದವರ ಸವೆದ ಮಂಡಿಯ ನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಕೀಲುಗಳು ಊದುತ್ತವೆ, ಬಿಗಿಯುತ್ತವೆ, ಕೊನೆಗೆ ಸೊಟ್ಟಗಾಗುತ್ತವೆ. ಆ ಕಾಲಕ್ಕೆ ಇದಕ್ಕೆ ಸರಿಯಾದ ಔಷಧವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಬೆಚ್ಚನೆಯ ನೀರು ಸುಳಿಯುವ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಇದರಿಂದ ಏಕೆ ಹಾಯೆನಿಸುತ್ತದೆ? ಕುತ್ತಿಗೆಯವರೆಗೆ ನೀರಿನಲ್ಲಿದ್ದಾಗ ಉತ್ಪ್ಲಾವನದಿಂದಾಗಿ ಕೀಲುಗಳ ಮೇಲೆ ಬೀಳುವ ಭಾರ ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಬಿಸಿಗೆ ರಕ್ತನಾಳಗಳು ಹಿಗ್ಗಿ ಸ್ನಾಯುಗಳು ಸಡಿಲಗೊಳ್ಳುತ್ತವೆ. ಆರ್ಕಿಮಿಡೀಸನ ತತ್ತ್ವ ಹೇಳಿಕೊಡುವಾಗ ನಾವು ಕಿರೀಟದ ಕಥೆಯನ್ನೇ ಹೇಳುತ್ತೇವೆ. ಈ ಮಗುವಿನ ಕಥೆಯನ್ನೂ ಹೇಳಬಹುದು.

ಆಸ್ಪತ್ರೆಯಲ್ಲಿ ಸಿಗುವ ಈ ಹಾಯನ್ನು ಮನೆಯಲ್ಲಿ ದಿನವೂ ಕೊಡುವುದು ಹೇಗೆ? ತಂದೆ ಪಂಪಿನ ವ್ಯಾಪಾರಿ. ಕಂಪನಿಯ ಎಂಜಿನಿಯರುಗಳು ಕೂಡಿ ಮನೆಯ ಸಾಮಾನ್ಯ ಬಾತ್‌ಟಬ್ಬಿನಲ್ಲಿ ಇಡಬಹುದಾದ ಪುಟ್ಟ ಪಂಪೊಂದನ್ನು ಮಾಡಿದರು. ಈಗ ಹಿಂದೆ ನೆನಪಿಡಲು ಹೇಳಿದ ವಾಕ್ಯಕ್ಕೆ ಬನ್ನಿ. ಮೂತಿಯಿಂದ ನೀರು ಚಿಮ್ಮುವಾಗ ಒತ್ತಡ ಇಳಿಯುವ ಜಾಗಕ್ಕೆ ಬಾವಿಯಲ್ಲಾದರೆ ನೀರು ನುಗ್ಗುತ್ತಿತ್ತು. ಇಲ್ಲಿ ಆ ತೂತನ್ನು ಒಂದು ನಳಿಕೆಯ ಮೂಲಕ ಗಾಳಿಗೆ ತೆರೆದಿಟ್ಟರು. ಗಾಳಿ ನುಗ್ಗಿ ನೀರಿನೊಂದಿಗೆ ಬೆರೆತು ಗುಳ್ಳೆಗುಳ್ಳೆಯಾಗಿ ಮೈಗೆ ಬಡಿಯತೊಡಗಿತು. ಬಾವಿಯ ಜೆಟ್ಟೇ ಬಚ್ಚಲಿನ ಜೆಟ್ ಆಯಿತು. ಬದಲಾದದ್ದು ಒಂದೇ ಒಂದು ತೂತು!

1950ರ ದಶಕದ ಮಧ್ಯಭಾಗದಲ್ಲಿ ಈ ಪಂಪು 'ಜೆ-300' ಎಂಬ ಹೆಸರಿನಲ್ಲಿ ಚಿಕಿತ್ಸೆಯ ಸಾಧನವಾಗಿ ಮಾರಾಟಕ್ಕೆ ಬಂತು. ಮಗುವಿನ ರೋಗ ಇದರಿಂದ ವಾಸಿಯಾಗಲಿಲ್ಲ. ಕೆನೆತ್ ಬದುಕಿನುದ್ದಕ್ಕೂ ಆ ಕಾಯಿಲೆಯೊಂದಿಗೇ ಬಾಳಿದ, ಗಾಲಿಕುರ್ಚಿ ಬಳಸಿದ, ಓದಿದ, ದುಡಿದ, ದೊಡ್ಡವನಾದ ಮೇಲೆ ಆತ್ಮಕಥೆಯನ್ನೂ ಬರೆದ. ನೀರು ಕೊಟ್ಟದ್ದು ಕೆಲವು ಗಂಟೆಗಳ ಬಿಡುಗಡೆ. ಬಿಸಿನೀರಿನ ತೊಟ್ಟಿ ಸಂಧಿವಾತವನ್ನು ಗುಣಪಡಿಸುತ್ತದೆ ಎಂದು ಯಾವ ಅಂಗಡಿಯವನಾದರೂ ಹೇಳಿದರೆ, ಆ ಯಂತ್ರ ಯಾರಿಗಾಗಿ ಹುಟ್ಟಿತೋ ಅವನಿಗೇ ಗುಣವಾಗಲಿಲ್ಲ ಎಂದು ನೀವು ಹೇಳಬಹುದು.

ನೀರು ಉಳಿದುಕೊಂಡಾಗ

1968ರಲ್ಲಿ ಅದೇ ಕುಟುಂಬದ ಮುಂದಿನ ತಲೆಮಾರಿನ ರಾಯ್ ಜಕೂಝಿ ಜೆಟ್ಟುಗಳನ್ನು ತೊಟ್ಟಿಯ ಗೋಡೆಯಲ್ಲೇ ಹುದುಗಿಸಿದ. ಗಾಳಿ ಅರ್ಧ, ನೀರು ಅರ್ಧ. ಅದಕ್ಕೆ 'ರೋಮನ್' ಎಂದು ಹೆಸರಿಟ್ಟು ಸುಖದ ವಸ್ತುವಾಗಿ ಮಾರಿದರು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರದ ಸುತ್ತಮುತ್ತ ಹಳೆಯ ದ್ರಾಕ್ಷಾರಸದ ಮರದ ಪೀಪಾಯಿಗಳನ್ನು ಹಿತ್ತಲಿಗೆ ತಂದು, ಬಿಸಿನೀರು ತುಂಬಿ, ನಾಲ್ಕಾರು ಜನ ಒಟ್ಟಿಗೆ ಕೂರುವ ಗೀಳು ಹಬ್ಬಿತು. ಜಪಾನಿನ 'ಫುರೊ' ಸ್ನಾನದ ಪ್ರಭಾವ ಅದರಲ್ಲಿ ಕಾಣುತ್ತದೆ. ಈ ಎರಡು ಹೊಳೆಗಳು 1970ರ ದಶಕದಲ್ಲಿ ಕೂಡಿದವು. ಮರದ ಬದಲು ಅಕ್ರಿಲಿಕ್ ಮತ್ತು ಗಾಜಿನೆಳೆಯ ತೊಟ್ಟಿ ಬಂತು. ಪಂಪು, ಹೀಟರ್, ಫಿಲ್ಟರ್ ಎಲ್ಲ ಅದರ ಹೊಟ್ಟೆಯೊಳಗೇ ಸೇರಿದವು.

ಈ ಬದಲಾವಣೆಯನ್ನು ಸ್ವಲ್ಪ ನಿಂತು ನೋಡೋಣ. ಬಾತ್‌ಟಬ್ಬಿನ ನೀರನ್ನು ಸ್ನಾನವಾದ ಮೇಲೆ ಹೊರಗೆ ಬಿಡುತ್ತಾರೆ. ಸಾವಿರ-ಎರಡು ಸಾವಿರ ಲೀಟರಿನ ತೊಟ್ಟಿಯ ನೀರನ್ನು ದಿನವೂ ಹೊರಗೆ ಬಿಟ್ಟು ಮತ್ತೆ ತುಂಬಿ ಕಾಯಿಸುವುದು ಸಾಧ್ಯವಿಲ್ಲ. ಹಾಗಾಗಿ ಅದೇ ನೀರು ಸೋಸಿಕೊಂಡು, ಬಿಸಿಯಾಗಿಯೇ, ತಿಂಗಳುಗಟ್ಟಲೆ ಉಳಿಯತೊಡಗಿತು. ಚೆಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವ ನಮ್ಮ ಸ್ನಾನದಲ್ಲಿ ಮೈಮೇಲೆ ಬಿದ್ದ ನೀರು ಮತ್ತೆ ಹಂಡೆಗೆ ಹೋಗುವುದಿಲ್ಲ. ಜಪಾನಿನವರು ನೀರನ್ನು ಉಳಿಸಿಕೊಳ್ಳುತ್ತಾರೆ, ಆದರೆ ಹೊರಗೆ ಮೈತೊಳೆದುಕೊಂಡ ಮೇಲೆ ಮಾತ್ರ ತೊಟ್ಟಿಗೆ ಇಳಿಯುತ್ತಾರೆ. ಹೊಸ ತೊಟ್ಟಿ ಕೊಂಡವರಿಗೆ ಈ ಎರಡರಲ್ಲಿ ಯಾವ ಅಭ್ಯಾಸವೂ ಇರಲಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. 1500 ಲೀಟರಿನ ತೊಟ್ಟಿಯಲ್ಲಿ ನಾಲ್ಕು ಜನ. 25 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳದಲ್ಲಿ 3,75,000 ಲೀಟರ್ ನೀರು, ಅಂದರೆ 250 ಪಟ್ಟು. ಆ ಕೊಳದಲ್ಲಿ ಇಷ್ಟೇ ದಟ್ಟಣೆಯಾಗಬೇಕಾದರೆ ಏಕಕಾಲಕ್ಕೆ ಸಾವಿರ ಜನ ಇಳಿಯಬೇಕು! ಅಷ್ಟು ಬೆವರು, ಎಣ್ಣೆ, ಚರ್ಮದ ಪುಡಿ, ಅದರ ಮೇಲೆ 38-40° ಸೆಲ್ಸಿಯಸ್ ಬಿಸಿ. ಸೂಕ್ಷ್ಮಜೀವಿಗಳನ್ನು ಬೆಳೆಸಲೆಂದೇ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವ ಪೆಟ್ಟಿಗೆಯೂ ಇದಕ್ಕಿಂತ ಭಿನ್ನವಲ್ಲ.

ಮೊದಲ ಎಚ್ಚರಿಕೆ ಚರ್ಮದ ಮೇಲೆ ಕಾಣಿಸಿತು. 1975ರಲ್ಲಿ ಅಮೆರಿಕದ ಒಂದು ಮೋಟೆಲಿನ ಸುಳಿನೀರ ತೊಟ್ಟಿಯಲ್ಲಿ ಮಿಂದವರಿಗೆ ಗುಳ್ಳೆಗಳೆದ್ದವು. ಕಾರಣ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ. ಎರಡನೆಯದು ಗುಳ್ಳೆಯಷ್ಟಕ್ಕೆ ನಿಲ್ಲಲಿಲ್ಲ. 1976ರ ಜುಲೈನಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದ ಮೇಲೆ 30ಕ್ಕೂ ಹೆಚ್ಚು ಮಂದಿ ವಿಚಿತ್ರವಾದ ನ್ಯುಮೋನಿಯದಿಂದ ಸತ್ತರು. ಮುಂದಿನ ಜನವರಿಯಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದ. ಅದೇ ಲೀಜನೆಲ್ಲ. ಅಲ್ಲಿ ತೊಟ್ಟಿಯ ಪಾತ್ರವಿರಲಿಲ್ಲ. ಆದರೆ ಈ ಬ್ಯಾಕ್ಟೀರಿಯ ಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತದೆ, ನೀರಿನ ಸಣ್ಣ ಹನಿಗಳ ಮೂಲಕ ಉಸಿರಿಗೆ ಸೇರುತ್ತದೆ ಎಂದು ತಿಳಿಯಿತು. ಬೆಚ್ಚನೆಯ ನೀರು, ಗುಳ್ಳೆ ಒಡೆದು ಹಾರುವ ಸಣ್ಣ ಹನಿ: ಎರಡೂ ನಮ್ಮ ತೊಟ್ಟಿಯಲ್ಲಿ ಇವೆಯಲ್ಲವೆ?

1999ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ದೊಡ್ಡ ಹೂವಿನ ಪ್ರದರ್ಶನ ನಡೆಯಿತು. ಜೊತೆಗಿದ್ದ ಮಳಿಗೆಗಳಲ್ಲಿ ಬಿಸಿನೀರ ತೊಟ್ಟಿಯನ್ನೂ ಮಾರಾಟಕ್ಕೆ ಇಟ್ಟು, ನೀರು ತುಂಬಿ, ಗುಳ್ಳೆಯೆಬ್ಬಿಸಿ ತೋರಿಸುತ್ತಿದ್ದರು. ಯಾರೂ ಸ್ನಾನ ಮಾಡುವುದಿಲ್ಲವಲ್ಲ, ಔಷಧಿ ಏಕೆ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಪಕ್ಕದಲ್ಲಿ ನಡೆದುಹೋದವರು ಕಾಯಿಲೆ ಬಿದ್ದರು. 32 ಮಂದಿ ಸತ್ತರು. ಕಾಯಿಲೆ ಬೀಳಲು ಆ ನೀರನ್ನು ಮುಟ್ಟಲೂ ಬೇಕಿರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಉತ್ತರ ಕೆರೊಲಿನದ ಮೇಳವೊಂದರಲ್ಲಿ ಹೆಚ್ಚುಕಡಿಮೆ ಇದೇ ಮರುಕಳಿಸಿತು. 130ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ನಾಲ್ವರು ಸತ್ತರು. ಇಪ್ಪತ್ತು ವರ್ಷ ಕಳೆದರೂ ಪಾಠ ಒಂದು ದೇಶದಿಂದ ಇನ್ನೊಂದಕ್ಕೆ ದಾಟಿರಲಿಲ್ಲ.

ಕ್ಲೋರಿನ್ ಹಾಕಿದರೆ ಸಾಕಲ್ಲ ಎನ್ನುತ್ತೀರಾ? ಇಲ್ಲಿ ರಸಾಯನ ವಿಜ್ಞಾನದ ಒಂದು ಕೀಟಲೆ ಇದೆ. ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧ ಪಾಲು ಈ ರೂಪದಲ್ಲಿರುತ್ತದೆ. ಪಿಎಚ್ 8.5ಕ್ಕೆ ಏರಿದರೆ ಹತ್ತರಲ್ಲೊಂದು ಪಾಲು ಮಾತ್ರ. ಜೆಟ್ಟುಗಳು ಗಾಳಿ ಊದಿದಷ್ಟೂ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿ ಏರುತ್ತದೆ. ಬಿಸಿಗೆ ಕ್ಲೋರಿನ್ ಕೂಡ ಬೇಗ ಮುಗಿಯುತ್ತದೆ. ಎಂದರೆ ಜೆಟ್ ಹೆಚ್ಚಿದಷ್ಟೂ ಕಾವಲುಗಾರ ದುರ್ಬಲ. ಬಿಸಿಯನ್ನು ಹೆಚ್ಚು ತಾಳುವ ಬ್ರೋಮಿನ್ ಬಳಕೆಗೆ ಬಂದದ್ದು ಇದರಿಂದಲೇ. ಪಿಎಚ್ 7.2ರಿಂದ 7.8ರ ಒಳಗಿರಬೇಕು, ಕ್ಲೋರಿನ್ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಇರಬೇಕು. ಪರೀಕ್ಷೆಯ ಪಟ್ಟಿಯನ್ನು ಅದ್ದಿ ನೋಡುವ ಕೆಲಸವನ್ನು ಮನೆಯಲ್ಲಿ ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕು. ನಮ್ಮ ಬೋರ್‌ವೆಲ್ ನೀರು ಗಡಸಾಗಿದ್ದರೆ ಇನ್ನೊಂದು ತೊಡಕು. ಬಿಸಿಗೆ, ಏರಿದ ಪಿಎಚ್‌ಗೆ ಸುಣ್ಣ ಹೀಟರಿನ ಮೇಲೆ ಹೆಪ್ಪುಗಟ್ಟುತ್ತದೆ. ಆ ಒರಟು ಹೊದಿಕೆಯಲ್ಲೂ ಕೊಳವೆಗಳ ಒಳಮೈಯಲ್ಲೂ ಬ್ಯಾಕ್ಟೀರಿಯಗಳ ಲೋಳೆ ಪದರ ಬೇರೂರುತ್ತದೆ. 50 ಜೆಟ್ ಎಂದರೆ 50 ಕವಲು ಕೊಳವೆಗಳು, ಜೆಟ್ ನಿಂತಾಗ ನೀರು ನಿಲ್ಲುವ 50 ಮೂಲೆಗಳು.

ಹೀರುವ ಬಾಯಿ

ಜೆಟ್ಟು ನೀರನ್ನು ಉಗುಳಬೇಕಾದರೆ ಪಂಪು ಎಲ್ಲಿಂದಾದರೂ ಹೀರಬೇಕು. ಉಗುಳುವ ಬಾಯಿಗಳ ಎಣಿಕೆ ಜಾಹೀರಾತಿನಲ್ಲಿ ಇರುತ್ತದೆ. ಹೀರುವ ಬಾಯಿಯ ಮಾತು ಇರುವುದಿಲ್ಲ. ಅದು ತೊಟ್ಟಿಯ ತಳದ ಬಳಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಜಾಲರಿ ಹೊದ್ದುಕೊಂಡಿರುತ್ತದೆ.

2002ರಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಅಮೆರಿಕದಲ್ಲಿ ಇಂಥದೊಂದು ತೊಟ್ಟಿಯ ಹೀರುಬಾಯಿಗೆ ಅಂಟಿಕೊಂಡಳು. ಈಜು ಬಲ್ಲ ಹುಡುಗಿ. ತಾಯಿಗೆ ಎಳೆದು ಬಿಡಿಸಲು ಆಗಲಿಲ್ಲ. ದೊಡ್ಡವರಿಬ್ಬರು ಸೇರಿ ಎಳೆದಾಗ ಜಾಲರಿಯೇ ಮುರಿದು ಬಂತು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಹೇಗೆ ಸಾಧ್ಯ ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 20 ಸೆಂಟಿಮೀಟರ್ ವ್ಯಾಸದ ಬಾಯಿಯ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಮೈ ಅದನ್ನು ಪೂರ್ತಿ ಮುಚ್ಚಿದಾಗ ಪಂಪು ಒಳಗೆ ಅರ್ಧ ವಾಯುಮಂಡಲದಷ್ಟು ಒತ್ತಡ ಇಳಿಸಿತು ಎನ್ನಿ. ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೊಗ್ರಾಂ ಭಾರದ ಬಲ. ಒಟ್ಟು 157 ಕಿಲೊಗ್ರಾಂ! ಎಳೆಯುತ್ತಿರುವುದು ಪಂಪು ಎಂದು ಕಾಣುತ್ತದೆ. ಒತ್ತಿ ಹಿಡಿದಿರುವುದು ಟಾರಿಚೆಲ್ಲಿ ಅಳೆದ ವಾಯುಮಂಡಲವೇ. ಬಾವಿಯಲ್ಲಿ ನೀರನ್ನು ಎತ್ತಿದ ಕೈಯೇ ಇಲ್ಲಿ ಮಗುವನ್ನು ಹಿಡಿದುಕೊಂಡಿತು.

ಆ ತಾಯಿ ಸುಮ್ಮನಿರಲಿಲ್ಲ. ಐದು ವರ್ಷ ಓಡಾಡಿದ ಮೇಲೆ, 2007ರ ಡಿಸೆಂಬರಿನಲ್ಲಿ, ಮಗಳ ಹೆಸರಿನಲ್ಲೇ ಒಂದು ಕಾನೂನು ಬಂತು. ಹೀರುಬಾಯಿಯ ಜಾಲರಿ ಮೈಗೆ ಅಂಟದಂತೆ ಇರಬೇಕು, ಕೂದಲು ಸಿಕ್ಕದಂತೆ ಇರಬೇಕು, ಪರೀಕ್ಷೆಗೆ ಒಳಪಟ್ಟಿರಬೇಕು. ಒಂದರ ಬದಲು ದೂರ ದೂರ ಎರಡು ಬಾಯಿಗಳಿದ್ದರೆ ಒಂದು ಮುಚ್ಚಿದರೂ ಇನ್ನೊಂದರಿಂದ ನೀರು ಬರುತ್ತದೆ, ಒತ್ತಡ ಇಳಿಯುವುದಿಲ್ಲ. ತೊಟ್ಟಿ ಕೊಳ್ಳುವಾಗ ಅಂಗಡಿಯವರಿಗೆ 'ಹೀರುವ ಬಾಯಿ ಎಲ್ಲಿದೆ, ಎಷ್ಟಿವೆ, ತೋರಿಸಿ' ಎಂದು ಕೇಳಿ. ಬಗ್ಗಿ ನೋಡಿ. ಜಾಲರಿ ಸಡಿಲವಾಗಿದ್ದರೆ, ಬಿರುಕು ಬಿಟ್ಟಿದ್ದರೆ ಆ ತೊಟ್ಟಿಗೆ ಯಾರೂ ಇಳಿಯಬಾರದು.

ಬಿಸಿಯದೂ ಒಂದು ಮಿತಿ ಇದೆ. ಬೆವರು ಆವಿಯಾದರೆ ಮೈ ತಣಿಯುತ್ತದೆ. ನೀರಿನೊಳಗೆ ಬೆವರು ಆವಿಯಾಗುವುದು ಹೇಗೆ? ಸುತ್ತಲಿನ ನೀರು ಮೈಗಿಂತ ಬಿಸಿಯಿದ್ದರೆ ಉಷ್ಣ ಹೊರಗಿನಿಂದ ಒಳಕ್ಕೇ ಹರಿಯುತ್ತದೆ. ಮಂಪರು ಕವಿಯುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಕುಡಿದು ಇಳಿದವರು ಹಾಗೆಯೇ ನಿದ್ದೆಹೋಗಿ ಮುಳುಗಿದ್ದಾರೆ. ಕೆಲವು ಸಾವುಗಳ ನಂತರ, 1979ರ ಕೊನೆಯಲ್ಲಿ, ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 40° ಸೆಲ್ಸಿಯಸ್ ಮೀರಬಾರದೆಂದು ಎಚ್ಚರಿಸಿತು. ಗರ್ಭಿಣಿಯರು, ಹೃದ್ರೋಗಿಗಳು, ರಕ್ತದ ಒತ್ತಡಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇಳಿಯುವಂತಿಲ್ಲ. ನನ್ನ ಶಿಷ್ಯನ ತಾಯಿ ಇವರಲ್ಲಿ ಕೊನೆಯ ಗುಂಪಿನವರು.

ತಾರಸಿ, ಮುಚ್ಚಳ, ಮೀಟರು

ಉಳಿದದ್ದು ಹೈಸ್ಕೂಲಿನ ಲೆಕ್ಕ. 1500 ಲೀಟರ್ ನೀರನ್ನು 22ರಿಂದ 38 ಡಿಗ್ರಿಗೆ ಏರಿಸಲು ನೀರಿನ ವಿಶಿಷ್ಟೋಷ್ಣದಿಂದ ಗುಣಿಸಿದರೆ ಸುಮಾರು 100 ಮೆಗಾಜೂಲ್, ಅಂದರೆ 28 ಯೂನಿಟ್ ವಿದ್ಯುತ್ತು. ತೊಟ್ಟಿಯ ಜೊತೆ ಬರುವ ಹೀಟರ್ 3 ಕಿಲೊವ್ಯಾಟಿನದಾದರೆ ಒಂಬತ್ತು ಗಂಟೆಗೂ ಮಿಕ್ಕಿ ಕಾಯಬೇಕು. ಸಂಜೆ ಮನೆಗೆ ಬಂದು ಸ್ವಿಚ್ ಹಾಕಿದರೆ ಸ್ನಾನ ಮಾರನೆಯ ಬೆಳಗಿನ ಜಾವಕ್ಕೆ! ಹಾಗಾಗಿ ನೀರನ್ನು ಸದಾ ಬಿಸಿಯಾಗಿಯೇ ಇಡುತ್ತಾರೆ, ಮೀಟರು ಓಡುತ್ತಲೇ ಇರುತ್ತದೆ. ಅದನ್ನು ತಡೆಯುವುದು ಯಾವುದು? ಗೋಡೆಯೊಳಗಿನ ನೊರೆಯ ಹೊದಿಕೆ ಬೇಕು, ನಿಜ. ಅದಕ್ಕಿಂತ ಮುಖ್ಯ ಮುಚ್ಚಳ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2.4 ಮೆಗಾಜೂಲ್ ಗುಪ್ತೋಷ್ಣವನ್ನು ಹೊತ್ತೊಯ್ಯುತ್ತದೆ. ಉಳಿದ 1500 ಲೀಟರೂ ಮೂರನೇ ಒಂದು ಡಿಗ್ರಿಗಿಂತ ಹೆಚ್ಚು ತಣಿಯಲು ಅಷ್ಟೇ ಸಾಕು. ನೀರಿಗೆ ಬೀಳದಂತೆ ಮಕ್ಕಳನ್ನು ತಡೆಯುವುದೂ ಅದೇ ಮುಚ್ಚಳ, ಬೀಗ ಹಾಕುವಂಥದಿರಬೇಕು. ಮಲೆನಾಡಿನ ಬಚ್ಚಲುಮನೆಗಳಲ್ಲಿ ಹಂಡೆಯ ಮುಚ್ಚಳ ತೆರೆದಿಟ್ಟರೆ ಅಜ್ಜಿಯರು ಏಕೆ ರೇಗುತ್ತಿದ್ದರು ಎಂಬುದಕ್ಕೆ ಈ ಅಂಕಿ ಸಾಕು.

ಭಾರದ ಲೆಕ್ಕ ಇನ್ನೂ ಸುಲಭ, ಆದರೆ ಅದನ್ನೇ ಬಹಳ ಜನ ಮರೆಯುತ್ತಾರೆ. ನೀರು 1500 ಕಿಲೊಗ್ರಾಂ, ತೊಟ್ಟಿ 300, ನಾಲ್ವರು ಸೇರಿ ಇನ್ನೊಂದು 300. ಎರಡು ಮೀಟರ್ ಚೌಕದ ತೊಟ್ಟಿಯಾದರೆ ಒಂದು ಚದರ ಮೀಟರಿಗೆ 525 ಕಿಲೊಗ್ರಾಂ. ಭಾರತೀಯ ಮಾನಕದಂತೆ (ಐಎಸ್ 875, ಎರಡನೆಯ ಭಾಗ) ವಾಸದ ಕೋಣೆಗಳ ನೆಲವನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೊಗ್ರಾಂ ಬಳಕೆಯ ಭಾರಕ್ಕೆ. ಜನ ಓಡಾಡುವ ತಾರಸಿಯನ್ನು ಸುಮಾರು 150ಕ್ಕೆ. ಮೂರು ಪಟ್ಟಿಗಿಂತ ಹೆಚ್ಚಾಯಿತು. ಅಂಗಡಿಯವರು 'ಏನೂ ಆಗಲ್ಲ ಸಾರ್' ಎನ್ನಬಹುದು. ಆ ಮಾತನ್ನು ಹೇಳಬೇಕಾದವರು ಕಟ್ಟಡದ ನಕ್ಷೆ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್. ನೀರು, ವಿದ್ಯುತ್ತು ಒಂದೇ ಪೆಟ್ಟಿಗೆಯೊಳಗೆ ಇರುವುದರಿಂದ ಸೋರುವ ವಿದ್ಯುತ್ತನ್ನು ಕಂಡೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಸಾಧನವೂ, ಸರಿಯಾದ ಅರ್ಥಿಂಗೂ ಇಲ್ಲದೆ ತೊಟ್ಟಿಯನ್ನು ಚಾಲೂ ಮಾಡಬಾರದು.

ಇಷ್ಟನ್ನೂ ಶಿಷ್ಯನಿಗೆ ಎರಡು ರಾತ್ರಿ ಫೋನಿನಲ್ಲಿ ಹೇಳಿದೆ. ಎಂಜಿನಿಯರ್ ತಾರಸಿ ಬೇಡವೇ ಬೇಡ ಎಂದರಂತೆ. ನೆಲದ ಮೇಲೆ, ಮನೆಯ ಹಿಂದೆ ಸ್ವಲ್ಪ ಜಾಗವಿದೆ, ಅಲ್ಲಿಡಬಹುದು ಎಂದು ಲೆಕ್ಕ ಹಾಕಿದ್ದಾನೆ. ಮತ್ತೆ ಅಂಗಡಿಗೆ ಹೋಗಿ ಹೀರುಬಾಯಿ ತೋರಿಸಿ ಎಂದು ಕೇಳಿದಾಗ ಮಾರುವ ಹುಡುಗ ಮೊದಲ ಬಾರಿಗೆ ತೊಟ್ಟಿಯೊಳಗೆ ಬಗ್ಗಿ ತಾನೇ ಹುಡುಕಿದನಂತೆ. ಎರಡಿದ್ದವು, ಜಾಲರಿಗಳೂ ಗಟ್ಟಿಯಾಗಿದ್ದವು. ಈ ಸಲ ತಾಯಿಯನ್ನೂ ಕರೆದುಕೊಂಡು ಹೋಗಿದ್ದ. ಖಾಲಿ ತೊಟ್ಟಿಗೆ ಹತ್ತಿ ಕೂತು ನೋಡಮ್ಮ ಎಂದಿದ್ದಾನೆ. ತೊಟ್ಟಿಯ ಅಂಚು ನೆಲದಿಂದ ಮೂರಡಿ ಎತ್ತರ. ಆಕೆ ಅಂಚಿನ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ನಿಂತು ಹೇಳಿದರಂತೆ: 'ಇಷ್ಟೆತ್ತರ ಕಾಲೆತ್ತಿ ಹತ್ತೋ ಹಾಗಿದ್ರೆ ನಂಗೆ ಈ ತೊಟ್ಟಿ ಯಾಕಪ್ಪಾ ಬೇಕಿತ್ತು?'